ಕಮ್ಮಾರ ಗುರುವಿನ ಮನೆಯ ಗೋಡೆ: ತಾಲ್ಮುದ್ ಓದಿನಿಂದ ನಾವು ಕಲಿತದ್ದು

(ಸಂಘದ ವಾಚನಾಲಯದಲ್ಲಿ ಭಾನುವಾರದ ಓದುಕೂಟದಂದು ಮಾಡಿದ ಭಾಷಣ. ಸದಸ್ಯರ ಅಪೇಕ್ಷೆಯ ಮೇರೆಗೆ ಇಲ್ಲಿ ಕೊಡಲಾಗಿದೆ.)



ನಮ್ಮ ವಾಚನಾಲಯದ ಪ್ರತಿಯೊಂದು ಪುಸ್ತಕದ ಮೊದಲ ಹಾಳೆಯ ಮೇಲೆ ಒಂದು ನೀಲಿ ಮೊಹರು ಇರುವುದನ್ನು ನೀವೆಲ್ಲ ಬಲ್ಲಿರಿ. ಮೊಹರು ಸವೆದು ಅಕ್ಷರ ಅರ್ಧಂಬರ್ಧ ಮೂಡುತ್ತದೆ. ಆದರೂ ಸಂಘದ ಹೆಸರು ಓದಲು ಬರುತ್ತದೆ. ಅಂಥದೇ ಇನ್ನೊಂದು ಮೊಹರಿನ ಸಂಗತಿಯಿಂದ ಇಂದಿನ ಮಾತನ್ನು ಆರಂಭಿಸುತ್ತೇವೆ. ನ್ಯೂಯಾರ್ಕ್ ನಗರದಲ್ಲಿ ಪೂರ್ವ ಯೂರೋಪಿನ ಯಹೂದಿಗಳ ಗ್ರಂಥಗಳನ್ನೂ ಕಾಗದಪತ್ರಗಳನ್ನೂ ಕಾಪಾಡಿಟ್ಟಿರುವ ಯೀವೋ ಎಂಬ ಸಂಸ್ಥೆಯಿದೆ. ಹಿಟ್ಲರನ ಕಾಲದಲ್ಲಿ ಸುಟ್ಟು ಬೂದಿಯಾದ ಅಸಂಖ್ಯ ಗ್ರಂಥಾಲಯಗಳ ನಡುವೆ ಹೇಗೋ ಉಳಿದುಬಂದ ಒಂದು ಹಳೆಯ ಪುಸ್ತಕ ಅಲ್ಲಿ ಇತ್ತೆಂದೂ, ಅದರ ಮೇಲೆ ಬೆರ್ದಿಚೆವ್ ಊರಿನ ಸೌದೆ ಒಡೆಯುವವರ ಮಿಶ್ನಾ ಅಧ್ಯಯನ ಸಂಘದ ಮೊಹರು ಇತ್ತೆಂದೂ ಅಬ್ರಹಾಮ್ ಜೋಶುವ ಹೆಶೆಲ್ ಎಂಬ ಯಹೂದಿ ಪಂಡಿತರು ಬರೆದಿಟ್ಟಿದ್ದಾರೆ. ಬೆರ್ದಿಚೆವ್ ಈಗಿನ ಉಕ್ರೇನ್ ದೇಶದ ಊರು. ಹಗಲೆಲ್ಲ ಕೊಡಲಿ ಹಿಡಿದವರು ಒಂದು ಸಂಘ ಕಟ್ಟಿಕೊಂಡು, ಪುಸ್ತಕ ಕೊಂಡು, ಅದಕ್ಕೊಂದು ಮೊಹರು ಒತ್ತಿ, ಸಾವಿರದೆಂಟುನೂರು ವರ್ಷಗಳ ಹಿಂದಿನ ನ್ಯಾಯಶಾಸ್ತ್ರವನ್ನು ಕೂತು ಓದುತ್ತಿದ್ದರು. ಇದನ್ನು ತಿಳಿದ ದಿನ ನಮಗೆ ದೂರದ ನೆಂಟರೊಬ್ಬರ ಪತ್ತೆ ಹತ್ತಿದಷ್ಟು ಸಂತೋಷವಾಯಿತು.

ಆ ಸೌದೆಯವರು ಓದಿದ್ದೇನು ಎಂದು ನೋಡುವ ಆಸೆಯಿಂದ ನಾವೂ ಆರು ತಿಂಗಳಿಂದ ಇಂಗ್ಲಿಷ್ ಅನುವಾದವನ್ನು ಸಂಪಾದಿಸಿಕೊಂಡು ಓದುತ್ತಿದ್ದೇವೆ. ಅನುವಾದವು ಈಗ ಮೊಬೈಲಿನಲ್ಲೇ ಪುಕ್ಕಟೆಯಾಗಿ ಸಿಗುತ್ತದೆ. ನಾವು ಪಂಡಿತರಲ್ಲ, ಹೀಬ್ರೂ ಅಕ್ಷರ ಕೂಡ ತಿಳಿಯದು. ತಿಳಿದಷ್ಟನ್ನು ಹಂಚಿಕೊಳ್ಳುತ್ತೇವೆ, ತಪ್ಪಿದರೆ ತಿದ್ದಿರಿ.

ಯಹೂದಿಗಳ ಶಾಸ್ತ್ರ ನಮಗೇಕೆ, ನಮ್ಮಲ್ಲಿ ವಚನಗಳಿಲ್ಲವೇ ಎಂದು ಒಬ್ಬರು ಕಳೆದ ವಾರ ಕೇಳಿದರು. ಇವೆ, ಅವನ್ನೂ ಓದುತ್ತಿದ್ದೇವೆ. ಆದರೆ ಮುಂಬಯಿಯಲ್ಲಿ ಬಾಳಿದವರಿಗೆ ಯಹೂದಿಗಳು ತೀರ ಅಪರಿಚಿತರಲ್ಲ. ಮಾಂಡವಿಯ ಸ್ಯಾಮ್ಯುಯೆಲ್ ಬೀದಿಯಲ್ಲಿ 1796ರಲ್ಲಿ ಕಟ್ಟಿದ ಅವರ ಪ್ರಾರ್ಥನಾ ಮಂದಿರವಿದೆ. ಮಸ್ಜಿದ್ ಸ್ಟೇಶನ್ನಿಗೆ ಆ ಹೆಸರು ಬಂದದ್ದೇ ಅದರಿಂದ ಎಂದು ಹೇಳುವವರೂ ಉಂಟು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆಯ ಗಾಣ ತಿರುಗಿಸಿಕೊಂಡಿದ್ದ ಬೆನೆ ಇಸ್ರಾಯೇಲ್ ಯಹೂದಿಗಳು ಶನಿವಾರ ಗಾಣ ಮುಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು. ಸಸೂನ್ ಮನೆತನದ ಗಿರಣಿಗಳ ಹೆಸರು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಧಣಿಗಳಲ್ಲಿಯೂ ಯಹೂದಿಗಳಿದ್ದರು, ಗಾಣದವರಲ್ಲಿಯೂ ಇದ್ದರು.

ಈ ಗ್ರಂಥ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ಮೋಶೆಯ ಐದು ಕಾಂಡಗಳಿಗೆ ತೋರಾ ಎಂದು ಹೆಸರು. ಅದನ್ನು ಆಧರಿಸಿ ಗುರುಗಳು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಟ್ಟಳೆಗಳನ್ನು ಸುಮಾರು ಕ್ರಿ.ಶ. 200ರ ಹೊತ್ತಿಗೆ ರಬ್ಬಿ ಯೆಹೂದಾ ಎಂಬವರು ಒಟ್ಟುಗೂಡಿಸಿದರು; ಅದು ಮಿಶ್ನಾ. ಆ ಮಿಶ್ನಾದ ಮೇಲೆ ಮುಂದಿನ ಮೂರು ನಾಲ್ಕು ಶತಮಾನ ನಡೆದ ವಾದವಿವಾದವೇ ಗೆಮಾರಾ. ಇವೆರಡೂ ಕೂಡಿ ತಾಲ್ಮುದ್. ಬಾಬಿಲೋನಿನ ತಾಲ್ಮುದ್ದಿಗೆ ಮುದ್ರಣದಲ್ಲಿ 2,711 ಹಾಳೆಗಳು. ದಿನಕ್ಕೊಂದು ಹಾಳೆಯಂತೆ ಲೋಕದ ಯಹೂದಿಗಳೆಲ್ಲ ಒಂದೇ ಹಾಳೆಯನ್ನು ಓದಬೇಕೆಂಬ ಪದ್ಧತಿಯನ್ನು 1923ರಲ್ಲಿ ಪೋಲೆಂಡಿನ ರಬ್ಬಿ ಮೇಯರ್ ಶಪಿರೋ ಆರಂಭಿಸಿದರು. ಒಂದು ಸುತ್ತು ಮುಗಿಯಲು ಏಳೂವರೆ ವರ್ಷ ಬೇಕು. ಒಬ್ಬೊಬ್ಬರೇ ಓದುವುದೂ ಅಲ್ಲ. ಇಬ್ಬಿಬ್ಬರು ಜೊತೆಗೂಡಿ, ಒಬ್ಬರನ್ನೊಬ್ಬರು ಪ್ರಶ್ನಿಸುತ್ತ, ಗಟ್ಟಿಯಾಗಿ ಜಗಳವಾಡುತ್ತ ಓದುವುದು ಅವರ ಕ್ರಮ. ತೀರ್ಮಾನವಾಗದ ವಾದವಿದ್ದರೆ ಅದು ಹಾಗೆಯೇ ನಿಲ್ಲಲಿ ಎಂಬ ಅರ್ಥದ ಒಂದು ಪದ ಹಾಕಿ ಮುಂದೆ ಸಾಗುತ್ತಾರೆ.

ಇನ್ನು ವಿಷಯಕ್ಕೆ ಬರೋಣ. ತಾಲ್ಮುದ್ದಿನಲ್ಲಿ ನಡುಬಾಗಿಲು ಎಂಬ ಅರ್ಥದ ಬಾವಾ ಮೆಟ್ಸಿಯಾ ಎಂಬ ಭಾಗವಿದೆ. ಅದರ ಏಳನೆಯ ಅಧ್ಯಾಯ ಬಹುಮಟ್ಟಿಗೆ ಕೂಲಿಕಾರರದು. ಅದನ್ನು ಓದುವಾಗ ನಮಗೆ ದೇವಸ್ಥಾನದಲ್ಲಿ ಕೂತ ಭಾವ ಬರಲಿಲ್ಲ, ಲೇಬರ್ ಕೋರ್ಟಿನ ಜಗಲಿಯಲ್ಲಿ ಕೂತಂತಾಯಿತು. ಧಣಿಯು ಕೂಲಿಗಳನ್ನು ಗೊತ್ತುಮಾಡಿ, ನಸುಕಿಗೇ ಬನ್ನಿ, ಕತ್ತಲಾಗುವವರೆಗೆ ಇರಿ ಎನ್ನುತ್ತಾನೆ. ಆ ಊರಿನಲ್ಲಿ ಅಂಥ ರೂಢಿ ಇಲ್ಲದಿದ್ದರೆ ಅವನು ಬಲವಂತ ಮಾಡುವಂತಿಲ್ಲ ಎನ್ನುತ್ತದೆ ಮಿಶ್ನಾ. ಊಟ ಹಾಕುವ ರೂಢಿಯಿದ್ದ ಊರಿನಲ್ಲಿ ಊಟ ಹಾಕಬೇಕು. ಸಿಹಿ ಕೊಡುವ ರೂಢಿಯಿದ್ದಲ್ಲಿ ಸಿಹಿಯನ್ನೂ ಕೊಡಬೇಕು. ಅಷ್ಟಕ್ಕೇ ಬಿಡದೆ ಗೆಮಾರಾ ಮುಂದೆ ಕೇಳುತ್ತದೆ: ಧಣಿ ರೂಢಿಗಿಂತ ಹೆಚ್ಚು ಕೂಲಿ ಕೊಟ್ಟು, ಹೆಚ್ಚು ಕೊಟ್ಟದ್ದು ಹೆಚ್ಚು ಹೊತ್ತಿಗಾಗಿ ಎಂದು ಆಮೇಲೆ ಹೇಳಿದರೆ? ಆಗ ಕೂಲಿಕಾರರು, ನೀವು ಹೆಚ್ಚು ಕೊಟ್ಟದ್ದು ನಾವು ಕೆಲಸ ಚೆನ್ನಾಗಿ ಮಾಡಲೆಂದು, ಹೊತ್ತು ಮೀರಿ ಮಾಡಲೆಂದಲ್ಲ ಎಂದು ಉತ್ತರಿಸಬಹುದಂತೆ. ಬೆಳಿಗ್ಗೆ ಐದಕ್ಕೆ ಭಟ್ಟಿ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬೆಂಚು ಜೋಡಿಸಿ ಅದರ ಮೇಲೇ ಮಲಗಿದ ನಮ್ಮವರಲ್ಲಿ ಯಾರಿಗೂ ಈ ಉತ್ತರ ಹೊಳೆದಿರಲಿಲ್ಲವಲ್ಲ!

ಊಟದ ಮಾತು ಬಂದದ್ದರಿಂದ ಒಂದು ಕಥೆ. ರಬ್ಬಿ ಯೋಹಾನಾನ್ ಬೆನ್ ಮತ್ಯಾ ಎಂಬವರು ಕೂಲಿಗಳನ್ನು ಗೊತ್ತುಮಾಡಿ ಬಾ ಎಂದು ಮಗನನ್ನು ಕಳುಹಿಸಿದರು. ಮಗ ಹೋಗಿ ಊಟ ಹಾಕುತ್ತೇವೆಂದು ಒಪ್ಪಿ ಬಂದ. ತಂದೆ ಗಾಬರಿಯಾದರು. ಬರೇ ಊಟವೆಂದು ಮಾತು ಕೊಟ್ಟಿದ್ದೀಯೆ. ಸೊಲೊಮೋನ ರಾಜನ ಪಂಕ್ತಿಯಂಥ ಊಟ ಬಡಿಸಿದರೂ ಆ ಮಾತು ಸಂದಂತಾಗದು, ಏಕೆಂದರೆ ಅವರು ಅಬ್ರಹಾಮ, ಇಸಾಕ, ಯಾಕೋಬರ ಮಕ್ಕಳು ಎಂದರು. ಅವರು ಕೆಲಸಕ್ಕೆ ಕೈಹಚ್ಚುವ ಮೊದಲೇ ಹೋಗಿ, ರೊಟ್ಟಿ ಮತ್ತು ಕಾಳು ಮಾತ್ರ ಎಂದು ಬಿಡಿಸಿ ಹೇಳಿ ಬಾ ಎಂದು ಅಟ್ಟಿದರು. ಇಲ್ಲಿ ಎರಡು ಸಂಗತಿ ನಮ್ಮ ಮನಸ್ಸಿಗೆ ನಾಟಿದವು. ಶರತ್ತನ್ನು ಕೆಲಸಕ್ಕೆ ಮುಂಚೆ ಹೇಳಬೇಕು ಎಂಬುದೊಂದು. ಕೂಲಿಗೆ ಬಂದವನನ್ನು ಆ ಮುದುಕರು ಯಾರ ಮಗನೆಂದು ಎಣಿಸಿದರು ಎಂಬುದು ಇನ್ನೊಂದು. ನಮ್ಮಲ್ಲಿ ಗ್ಲಾಸು ತೊಳೆಯುವ ಹುಡುಗನನ್ನು ಯಾರ ಮಗನೆಂದು ಕೇಳುವುದು ಅವನು ಓಡಿಹೋದ ಮೇಲೆ ಮಾತ್ರ.

ಪಗಾರದ ವಿಷಯದಲ್ಲಿ ತೋರಾ ಬಲು ಬಿಗಿ. ದಿನಗೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ ಹೇಳಿದರೆ, ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅವನ ಜೀವ ಅದರ ಮೇಲೆಯೇ ಇದೆ ಎಂಬ ಅಭಿಪ್ರಾಯವನ್ನು ಧರ್ಮೋಪದೇಶಕಾಂಡ ಕೊಡುತ್ತದೆ. ತನ್ನ ಕುಲದವನಿಗೆ ಮಾತ್ರವಲ್ಲ, ನಾಡಿನಲ್ಲಿ ನೆಲಸಿದ ಪರದೇಶಿಗೂ ಇದೇ ನಿಯಮ. ಪರಪ್ರಾಂತದಲ್ಲಿ ದುಡಿದ ನಮಗೆ ಈ ಮಾತಿನ ತೂಕ ಗೊತ್ತು. ಜೀವ ಅದರ ಮೇಲಿದೆ ಎಂದರೇನು ಎಂದು ತಾಲ್ಮುದ್ ವಿಚಾರಿಸುತ್ತದೆ: ಈ ಮನುಷ್ಯ ಏಣಿ ಹತ್ತಿದ್ದೇಕೆ, ಮರಕ್ಕೆ ಜೋತುಬಿದ್ದದ್ದೇಕೆ, ಸಾವಿಗೆ ಮೈಯೊಡ್ಡಿದ್ದೇಕೆ? ಈ ಕೂಲಿಗಾಗಿ ತಾನೆ? ತಾಳೆಮರ ಹತ್ತುವ ಮೂರ್ತೆದಾರರನ್ನು ಊರಿನಲ್ಲಿ ಕಂಡವರಿಗೆ, ಹತ್ತಿಯ ಧೂಳು ಕುಡಿದು ಎದೆ ಕೆಡಿಸಿಕೊಂಡ ಅಣ್ಣಂದಿರನ್ನು ಚಾಳಿನಲ್ಲಿ ಕಂಡವರಿಗೆ ಇದಕ್ಕೆ ಟೀಕೆ ಬೇಡ. ನಮ್ಮ ದೇಶದಲ್ಲಿ 1936ರ ವೇತನ ಪಾವತಿ ಕಾಯ್ದೆ ಬಂದು, ದೊಡ್ಡ ಗಿರಣಿಗಳಲ್ಲಿ ತಿಂಗಳ ಪಗಾರವನ್ನು ಮುಂದಿನ ತಿಂಗಳ ಹತ್ತನೆಯ ದಿನದೊಳಗೆ ಕೊಡಬೇಕೆಂದು ವಿಧಿಸಿತು. ಅದಕ್ಕೂ ಎಷ್ಟು ಹೋರಾಟ ಬೇಕಾಯಿತು!

ವಾರದ ರಜೆಯ ಕಥೆಯೂ ಹಾಗೆಯೇ. ಏಳನೆಯ ದಿನ ನೀನೊಬ್ಬನೇ ವಿಶ್ರಮಿಸಿದರೆ ಸಾಲದು. ನಿನ್ನ ಆಳು, ದಾಸಿ, ಎತ್ತು, ಕತ್ತೆ, ನಿನ್ನ ಊರಲ್ಲಿರುವ ಪರದೇಶಿ ಎಲ್ಲರಿಗೂ ವಿಶ್ರಾಂತಿ ಸಿಗಬೇಕು, ನೀನೂ ಒಮ್ಮೆ ಐಗುಪ್ತದಲ್ಲಿ ದಾಸನಾಗಿದ್ದವನೆಂಬುದನ್ನು ಮರೆಯಬೇಡ ಎಂಬುದು ತೋರಾದ ಆಶಯ. ಮುಂಬಯಿಯ ಗಿರಣಿಗಳಲ್ಲಿ ಭಾನುವಾರದ ರಜೆ ಬಂದದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಚಳವಳಿಯ ಫಲವಾಗಿ, 1890ರ ಜೂನ್ 10ರಂದು ಗಿರಣಿ ಮಾಲಿಕರು ಒಪ್ಪಿದ ಮೇಲೆ. ನಾವು ಈ ಭಾನುವಾರದ ಓದುಕೂಟದಲ್ಲಿ ಕೂತಿರುವುದೇ ಅವರ ಋಣ. ಹೋಟೆಲಿನ ಹುಡುಗರಿಗೆ ಅದು ಇನ್ನೂ ತಡವಾಗಿ ಬಂತು, ಬಂದಲ್ಲಿ ಬಂತು.

ಕೆಲಸಗಾರನ ಹೊಣೆಯನ್ನೂ ಆ ಗುರುಗಳು ಮರೆತವರಲ್ಲ. ಅಬ್ಬಾ ಹಿಲ್ಕಿಯಾ ಎಂಬ ಸಾತ್ತ್ವಿಕರೊಬ್ಬರು ದಿನಗೂಲಿಗೆ ಹೊಲ ಅಗೆಯುತ್ತಿದ್ದರು. ಮಳೆಯಿಲ್ಲದೆ ಕಂಗೆಟ್ಟ ವಿದ್ವಾಂಸರಿಬ್ಬರು ಬಂದು ನಮಸ್ಕರಿಸಿದರೆ ತಲೆ ಎತ್ತಿ ನೋಡಲೂ ಇಲ್ಲ. ಸಂಜೆ ಕಾರಣ ಕೇಳಿದಾಗ, ದಿನದ ಹೊತ್ತನ್ನು ಕೂಲಿಗೆ ಮಾರಿದ್ದೆ, ಅದರಲ್ಲಿ ನಿಮ್ಮೊಡನೆ ಮಾತಾಡುವ ಹಕ್ಕು ನನಗಿರಲಿಲ್ಲ ಎಂದರಂತೆ. ಹಾಗೆಂದು ಕೂಲಿಕಾರನನ್ನು ಕಟ್ಟಿಹಾಕುವುದಕ್ಕೂ ಅವರು ಒಪ್ಪಲಿಲ್ಲ. ನಡುಮಧ್ಯಾಹ್ನವಾದರೂ ಸರಿ, ಕೆಲಸ ಬಿಟ್ಟುಹೋಗುವ ಸ್ವಾತಂತ್ರ್ಯ ಅವನಿಗಿದೆ, ಅವನು ದೇವರ ದಾಸನೇ ಹೊರತು ದಾಸರ ದಾಸನಲ್ಲ ಎಂದು ರಾವ್ ಎಂಬ ಗುರುಗಳು ತೀರ್ಮಾನಿಸಿದರು.

ಈ ರಾವ್ ಗುರುಗಳ ಇನ್ನೊಂದು ತೀರ್ಪು ಇದೆ. ಅದನ್ನು ಹೇಳುವ ಮೊದಲು ನಮ್ಮದೇ ಒಂದು ಸಂಗತಿ. ನಾವು ಊರು ಬಿಟ್ಟು ಬಂದ ಹೊಸತರಲ್ಲಿ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದೆವು. ಹೆಸರು ಬೇಡ. ಮಳೆಗಾಲದ ಒಂದು ಬೆಳಿಗ್ಗೆ ಒದ್ದೆ ನೆಲದಲ್ಲಿ ಕಾಲು ಜಾರಿ ಒಂದು ಟ್ರೇ ಗ್ಲಾಸು ಚೂರಾಯಿತು. ಧಣಿಗಳು ಬೈಯಲಿಲ್ಲ. ಗಲ್ಲೆಯಲ್ಲಿ ಕೂತಲ್ಲಿಂದಲೇ ವಹಿ ತೆಗೆದು ಹದಿನಾಲ್ಕು ಗ್ಲಾಸಿನ ಲೆಕ್ಕ ಬರೆದರು. ತಿಂಗಳ ಕೊನೆಗೆ ಊರಿಗೆ ಮನಿಆರ್ಡರ್ ಮಾಡಲು ನಿಂತಾಗ ಕೈಯಲ್ಲಿದ್ದದ್ದು ಫಾರ್ಮು ಮಾತ್ರ. ಆ ಲೆಕ್ಕದಲ್ಲಿ ಒಂದು ಪೈಸೆಯೂ ಹೆಚ್ಚುಕಡಿಮೆ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಅವರು ಅನ್ಯಾಯಗಾರರೆಂದು ಆಗ ಯಾರೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ.

ಈಗ ತಾಲ್ಮುದ್ದಿನ ಕಥೆ ಕೇಳಿ. ರಬ್ಬಾ ಬಾರ್ ಬಾರ್ ಹನಾನ್ ಎಂಬವರ ದ್ರಾಕ್ಷಾರಸದ ಪೀಪಾಯಿಯನ್ನು ಹೊತ್ತು ಸಾಗಿಸುತ್ತಿದ್ದ ಹಮಾಲರು ಅದನ್ನು ಒಡೆದುಬಿಟ್ಟರು. ರಸವೆಲ್ಲ ಮಣ್ಣುಪಾಲಾಯಿತು. ಧಣಿ ನಷ್ಟಕ್ಕೆ ಈಡಾಗಿ ಅವರ ಮೇಲುಹೊದಿಕೆಗಳನ್ನು ಕಿತ್ತಿಟ್ಟುಕೊಂಡರು. ಹಮಾಲರು ರಾವ್ ಗುರುಗಳಲ್ಲಿಗೆ ದೂರು ಒಯ್ದರು. ಹೊದಿಕೆ ಹಿಂದಕ್ಕೆ ಕೊಡು ಎಂದರು ರಾವ್. ಇದು ಕಾನೂನೇ ಎಂದು ಧಣಿ ಕೇಳಿದರು. ಹೌದು ಎಂದು ರಾವ್, ಸಜ್ಜನರ ದಾರಿಯಲ್ಲಿ ನಡೆಯಬೇಕೆಂಬ ಜ್ಞಾನೋಕ್ತಿಯ ಅರ್ಧ ವಾಕ್ಯವನ್ನು ನೆನಪಿಸಿದರು. ಹೊದಿಕೆ ಕೈಗೆ ಬಂತು. ಹಮಾಲರು ಅಲ್ಲಿಂದ ಕದಲಲಿಲ್ಲ. ನಾವು ಬಡವರು, ದಿನವಿಡೀ ದುಡಿದೆವು, ಹಸಿದಿದ್ದೇವೆ, ಕೈಯಲ್ಲಿ ಏನೂ ಇಲ್ಲ ಎಂದರು. ಅವರ ಕೂಲಿಯನ್ನೂ ಕೊಡು ಎಂದರು ರಾವ್. ಇದೂ ಕಾನೂನೇ ಎಂದು ಧಣಿ ಮತ್ತೆ ಕೇಳಿದರು. ಹೌದು ಎಂದು ರಾವ್ ಆ ವಾಕ್ಯದ ಉಳಿದರ್ಧವನ್ನು, ನೀತಿವಂತರ ಹಾದಿಯನ್ನು ಬಿಡಬಾರದೆಂಬುದನ್ನು, ಹೇಳಿ ಮುಗಿಸಿದರು.

ಈ ಕಥೆಯ ಮೇಲೆ ನಾವು ಎರಡು ಭಾನುವಾರ ಜಗಳವಾಡಿದ್ದೇವೆ. ಹಮಾಲರು ಅಜಾಗ್ರತೆಯಿಂದ ಒಡೆದಿದ್ದರೆ ಕಟ್ಟುನಿಟ್ಟಾದ ಕಾನೂನಿನಂತೆ ನಷ್ಟ ತುಂಬಿಕೊಡಬೇಕಾದವರು ಅವರೇ. ಇದು ರಾವ್ ಅವರಿಗೆ ತಿಳಿಯದ್ದಲ್ಲ. ಹಾಗಾದರೆ ಅವರು ಮಾಡಿದ್ದು ದಯೆಯೋ ನ್ಯಾಯವೋ? ದಯೆಯಾದರೆ ದಯೆ ಎನ್ನಬಹುದಿತ್ತು, ಧಣಿಯೂ ಪುಣ್ಯ ಕಟ್ಟಿಕೊಂಡು ಹೋಗುತ್ತಿದ್ದರು. ರಾವ್ ಎರಡು ಸಲವೂ ಹೌದು, ಕಾನೂನು ಎಂದರು. ವಿದ್ಯಾವಂತನಾದ, ಉಳ್ಳವನಾದ ಮನುಷ್ಯನಿಗೆ ಕಾನೂನಿನ ಗೆರೆ ಸ್ವಲ್ಪ ಮುಂದಕ್ಕೇ ಇದೆ ಎಂದು ಅವರ ಅಭಿಪ್ರಾಯವಿದ್ದೀತು. ನಮ್ಮ ಕೂಟದಲ್ಲಿ ಸ್ವಂತ ಹೋಟೆಲು ನಡೆಸುವ ಸ್ನೇಹಿತರೊಬ್ಬರು ಬೇರೆ ಮಾತು ತೆಗೆದರು: ಪ್ರತಿಯೊಂದು ಪೀಪಾಯಿಯನ್ನೂ ಹೀಗೆ ಬಿಟ್ಟುಕೊಟ್ಟರೆ ಅಂಗಡಿ ಮುಚ್ಚಿ, ಕೂಲಿ ಕೊಡುವವರೇ ಇರುವುದಿಲ್ಲ ಎಂದರು. ಅದೂ ತಳ್ಳಿಹಾಕುವ ಮಾತಲ್ಲ. ಆದರೆ ಹದಿನಾಲ್ಕು ಗ್ಲಾಸಿನ ಲೆಕ್ಕ ಬರೆಯುವ ಮುಂಚೆ ನಮ್ಮ ಧಣಿಗಳು ಒಮ್ಮೆ, ನೆಲ ಒದ್ದೆಯಾಗಿದ್ದದ್ದು ಯಾಕೆ ಎಂದು ಕೇಳಿದ್ದರೆ ಎಂದು ಈಗ ಅನ್ನಿಸುತ್ತದೆ. ಮೇಲಿನ ತಗಡು ಸೋರುತ್ತಿತ್ತು. ಅದು ಹೋಟೆಲಿನವರಿಗೆಲ್ಲ ಗೊತ್ತಿತ್ತು.

ಧಣಿಗಳ ಮಾತು ಇಷ್ಟು ಸಾಕು; ಧಣಿಗಳನ್ನು ಬೈದು ಚಪ್ಪಾಳೆ ಗಿಟ್ಟಿಸುವುದು ನಮ್ಮ ವೇದಿಕೆಯಲ್ಲಿ ಕಷ್ಟವೇನಲ್ಲ. ಮುಂದಾಳುಗಳ ಮಾತು ಬಂದಾಗ ತಾಲ್ಮುದ್ ನಮ್ಮನ್ನೇ ಹಿಡಿದು ನಿಲ್ಲಿಸಿತು.

ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ನೆಲಸಮ ಮಾಡಿದರು. ತರುವಾಯ ಯಾವ್ನೆ ಎಂಬ ಊರಿನಲ್ಲಿ ಗುರುಗಳ ಅಧ್ಯಯನ ಮಂದಿರ ನೆಲೆಗೊಂಡಿತು. ಅದರ ಮುಖ್ಯಸ್ಥರು ರಬ್ಬಾನ್ ಗಮ್ಲಿಯೇಲ್. ದೊಡ್ಡ ಮನೆತನ, ಐಶ್ವರ್ಯ, ಅಧಿಕಾರ ಎಲ್ಲ ಇದ್ದವರು. ಚೆದುರಿಹೋಗುತ್ತಿದ್ದ ಜನಾಂಗವನ್ನು ಒಂದು ಹಗ್ಗದಲ್ಲಿ ಕಟ್ಟಿ ಹಿಡಿಯಬೇಕೆಂಬ ಚಿಂತೆ ಅವರದು. ಅದಕ್ಕಾಗಿಯೇ ಬಿಗಿ ಹೆಚ್ಚಾಯಿತೇನೋ. ಅದೇ ಮಂದಿರದಲ್ಲಿ ರಬ್ಬಿ ಯೆಹೋಶುವ ಎಂಬ ಬಡ ವಿದ್ವಾಂಸರಿದ್ದರು. ಸಂಜೆಯ ಪ್ರಾರ್ಥನೆ ಕಡ್ಡಾಯವೋ ಐಚ್ಛಿಕವೋ ಎಂಬ ಪ್ರಶ್ನೆಯಲ್ಲಿ ಇವರಿಬ್ಬರಿಗೂ ಭಿನ್ನಾಭಿಪ್ರಾಯ ಬಂತು. ಗಮ್ಲಿಯೇಲರು ತುಂಬಿದ ಸಭೆಯಲ್ಲಿ ಯೆಹೋಶುವರನ್ನು ಎದ್ದು ನಿಲ್ಲಿಸಿದರು. ನಿಲ್ಲಿಸಿ, ತಾವು ಕೂತು ಪಾಠ ಮುಂದುವರಿಸಿದರು. ಆ ಹಿರಿಯರು ನಿಂತೇ ಇದ್ದರು. ಗುರುಗಳ ಮಾತನ್ನು ಗಟ್ಟಿಯಾಗಿ ಸಭೆಗೆ ಸಾರುವುದಕ್ಕೆ ಹುತ್ಸ್‌ಪಿತ್ ಎಂಬವನಿದ್ದ; ನಮ್ಮ ಲೌಡ್‌ಸ್ಪೀಕರಿದ್ದಂತೆ. ಸಭೆ ಗುಜುಗುಜಿಸಿತು, ಆಮೇಲೆ ಹುತ್ಸ್‌ಪಿತ್‌ನಿಗೆ ನಿಲ್ಲಿಸೆಂದು ಕೂಗಿತು. ಅವನು ನಿಲ್ಲಿಸಿದ. ಇನ್ನೆಷ್ಟು ಸಲ ಈ ಮನುಷ್ಯನನ್ನು ಇವರು ನೋಯಿಸುವುದು, ಹಿಂದೆಯೂ ಹೀಗೆಯೇ ಮಾಡಿದ್ದರು ಎಂದು ಸಭೆಯವರೆಲ್ಲ ಸೇರಿ ಮುಖ್ಯಸ್ಥರನ್ನೇ ಪದವಿಯಿಂದ ಇಳಿಸಿಬಿಟ್ಟರು.

ಪದವಿ ಎಲಾಜಾರ್ ಬೆನ್ ಅಜರ್ಯಾ ಎಂಬ ಹದಿನೆಂಟು ವರ್ಷದ ಯುವಕನಿಗೆ ಹೋಯಿತು. ಅವನು ಹೆಂಡತಿಯನ್ನು ಕೇಳಿ ಬರುತ್ತೇನೆಂದು ಮನೆಗೆ ಹೋದನಂತೆ. ನಿನ್ನನ್ನೂ ನಾಳೆ ಇಳಿಸಿಯಾರು ಎಂದು ಆಕೆ ಎಚ್ಚರಿಸಿದಳಂತೆ. ಪದಾಧಿಕಾರಿಗಳಾಗುವ ಮೊದಲು ಹೀಗೆ ವಿಚಾರಿಸುವ ಪದ್ಧತಿ ನಮ್ಮಲ್ಲಿಯೂ ಬಂದರೆ ಚುನಾವಣೆಯ ಗಲಾಟೆ ಅರ್ಧ ಕಡಿಮೆಯಾದೀತು. ಅದಿರಲಿ. ಆ ದಿನವೇ ಬಾಗಿಲ ಕಾವಲುಗಾರನನ್ನು ತೆಗೆದುಹಾಕಿದರು. ಒಳಗೂ ಹೊರಗೂ ಒಂದೇ ಆಗಿರದ ಶಿಷ್ಯರಿಗೆ ಪ್ರವೇಶವಿಲ್ಲ ಎಂದು ಗಮ್ಲಿಯೇಲರು ಕಟ್ಟಪ್ಪಣೆ ಮಾಡಿದ್ದರು. ಕಾವಲು ತೆಗೆದದ್ದೇ ತಡ, ಜನ ನುಗ್ಗಿದರು. ಕೂರಲು ಹೊಸ ಬೆಂಚು ಹಾಕಬೇಕಾಯಿತು. ನಾಲ್ಕುನೂರು ಬೆಂಚು ಎಂದು ಒಬ್ಬರು, ಏಳುನೂರು ಎಂದು ಇನ್ನೊಬ್ಬರು. ಇದರಲ್ಲಿಯೂ ಅವರಿಗೆ ಒಮ್ಮತವಿಲ್ಲ! ಇದೇ ಬಗೆಯ ಇನ್ನೊಂದು ಬಾಗಿಲಿನ ಕಥೆ ಹಿಲ್ಲೆಲರದು. ಅವರು ಬಡ ಕೂಲಿಯಾಗಿದ್ದಾಗ ದಿನದ ಗಳಿಕೆಯ ಅರ್ಧವನ್ನು ವಿದ್ಯಾಮಂದಿರದ ಕಾವಲುಗಾರನಿಗೆ ಕೊಟ್ಟು ಒಳಗೆ ಹೋಗುತ್ತಿದ್ದರಂತೆ. ಕೂಲಿ ಸಿಗದ ಒಂದು ಚಳಿಗಾಲದ ದಿನ ಮಾಡಿಗೆ ಹತ್ತಿ, ಬೆಳಕಿಂಡಿಗೆ ಕಿವಿಯಿಟ್ಟು ಪಾಠ ಕೇಳುತ್ತ ಹಿಮದಲ್ಲಿ ಹೂತುಹೋದರಂತೆ. ಹಗಲು ಮೇಜು ಒರೆಸಿ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಮೆಟ್ರಿಕ್ ಕಟ್ಟಿದ ನಮ್ಮ ಮಂದಿಗೆ ಈ ಚಳಿ ಅರ್ಥವಾಗುತ್ತದೆ.

ಗಮ್ಲಿಯೇಲರ ಕಥೆಗೆ ಮರಳೋಣ. ಕುರ್ಚಿ ಹೋದ ಮೇಲೆ ಅವರು ಏನು ಮಾಡಿದರು? ಅದೇ ದಿನ, ಅದೇ ಮಂದಿರದಲ್ಲಿ, ಸಾಮಾನ್ಯ ಸದಸ್ಯರ ಸಾಲಿನಲ್ಲಿ ಕೂತು ಚರ್ಚೆಯಲ್ಲಿ ಭಾಗವಹಿಸಿದರು. ಒಂದು ಘಳಿಗೆಯೂ ಗೈರುಹಾಜರಾಗಲಿಲ್ಲ ಎಂದು ಗ್ರಂಥ ಒತ್ತಿ ಹೇಳುತ್ತದೆ. ಆ ದಿನದ ವಾದದಲ್ಲಿಯೂ ಯೆಹೋಶುವರ ಎದುರು ಸೋತರು. ನಮ್ಮಲ್ಲಿ ಕಾರ್ಯದರ್ಶಿಯ ಪದವಿ ಹೋದ ಮರುವಾರವೇ ಎದುರು ಬೀದಿಯಲ್ಲಿ ಇನ್ನೊಂದು ಸಂಘದ ಬೋರ್ಡು ಏರಿದ್ದನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ.

ಅನಂತರ ಗಮ್ಲಿಯೇಲರು ಕ್ಷಮೆ ಕೇಳಲು ಯೆಹೋಶುವರ ಮನೆಗೆ ಹೋದರು. ಬಾಗಿಲು ದಾಟಿದರೆ ಗೋಡೆಯೆಲ್ಲ ಮಸಿ ಹಿಡಿದು ಕಪ್ಪಾಗಿದೆ. ಈ ಗೋಡೆ ನೋಡಿದರೆ ನೀವು ಇದ್ದಲಿನ ಕೆಲಸದವರೆಂದು ತಿಳಿಯುತ್ತದೆ ಎಂದು ಆಶ್ಚರ್ಯದಿಂದ ಅಂದರು. ಕಮ್ಮಾರಿಕೆ ಎಂದು ಕೆಲವರು ಅರ್ಥ ಮಾಡುತ್ತಾರೆ. ಎಷ್ಟೋ ಕಾಲದಿಂದ ಒಂದೇ ಸಭೆಯಲ್ಲಿ ಕೂತವರು, ಆ ಮನುಷ್ಯ ಹೊಟ್ಟೆಗೆ ಏನು ಮಾಡುತ್ತಾನೆಂದು ಅಂದೇ ತಿಳಿದರು. ಯೆಹೋಶುವರಿಗೆ ಆಗ ಸಿಟ್ಟು ಬಂತು. ಸಭೆಯಲ್ಲಿ ನಿಲ್ಲಿಸಿದಾಗ ಆಡದ ಮಾತನ್ನು ಈಗ ಆಡಿದರು. ವಿದ್ವಾಂಸರು ಹೇಗೆ ಬದುಕುತ್ತಾರೆ, ಏನು ತಿನ್ನುತ್ತಾರೆ, ಅವರ ಸಂಕಟವೇನು ಎಂಬುದನ್ನೇ ಅರಿಯದ ನಿಮ್ಮಂಥವರ ಕೈಯಲ್ಲಿ ಸಿಕ್ಕ ಈ ಪೀಳಿಗೆಯ ಗತಿಯೇನು ಎಂದು ಮರುಗಿದರು. ತಪ್ಪಾಯಿತು ಎಂದರೂ ಕರಗಲಿಲ್ಲ. ನಮ್ಮ ತಂದೆಯ ಮುಖ ನೋಡಿಯಾದರೂ ಮನ್ನಿಸಿ ಎಂದಾಗ ಒಪ್ಪಿದರು. ರಾಜಿಯಾದ ಸುದ್ದಿಯನ್ನು ಮಂದಿರಕ್ಕೆ ಯಾರು ಒಯ್ಯಬೇಕು ಎಂಬ ಪ್ರಶ್ನೆ ಬಂದಾಗ ಮುಂದೆ ಬಂದವನು ಒಬ್ಬ ಬಟ್ಟೆ ಒಗೆಯುವವನು. ಕೊನೆಗೆ ಎಲಾಜಾರನನ್ನೂ ಕೈಬಿಡದೆ ಮೂರು ವಾರ ಗಮ್ಲಿಯೇಲರು, ಒಂದು ವಾರ ಎಲಾಜಾರ್ ಪಾಠ ಹೇಳುವುದೆಂದು ಏರ್ಪಾಡಾಯಿತು.

ಇನ್ನೊಂದು ಜೋಡಿಯ ಕಥೆ ಇಷ್ಟು ಸುಖವಾಗಿ ಮುಗಿಯುವುದಿಲ್ಲ. ರಬ್ಬಿ ಯೋಹಾನಾನ್ ಮತ್ತು ಅವರ ಭಾವ ರೇಶ್ ಲಾಕಿಶ್ ಜೊತೆ ಓದುಗರು. ರೇಶ್ ಲಾಕಿಶ್ ಮೊದಲು ದರೋಡೆಕೋರರಾಗಿದ್ದು ಆಮೇಲೆ ವಿದ್ವಾಂಸರಾದವರು. ಕತ್ತಿ, ಚೂರಿಗಳು ಯಾವ ಘಟ್ಟದಲ್ಲಿ ಪೂರ್ಣವಾದ ಸಾಧನವೆನಿಸುತ್ತವೆ ಎಂಬ ಚರ್ಚೆಯಲ್ಲಿ ಇಬ್ಬರಿಗೂ ಒಪ್ಪಿಗೆಯಾಗದೆ, ಕಳ್ಳನಿಗೆ ತನ್ನ ಉಪಕರಣ ಗೊತ್ತಿರುತ್ತದೆ ಎಂದು ಯೋಹಾನಾನ್ ಚುಚ್ಚಿದರು. ಒಂದೇ ಮಾತು. ಸ್ನೇಹ ಮುರಿಯಿತು, ರೇಶ್ ಲಾಕಿಶ್ ಹಾಸಿಗೆ ಹಿಡಿದು ತೀರಿಕೊಂಡರು. ದುಃಖದಲ್ಲಿ ಮುಳುಗಿದ ಯೋಹಾನಾನರ ಜೊತೆಗೆ ಇನ್ನೊಬ್ಬ ಪಂಡಿತರನ್ನು ಕೂರಿಸಿದರು. ಆ ಪಂಡಿತರು ಪ್ರತಿ ಮಾತಿಗೂ ತಾವು ಹೇಳಿದ್ದು ಸರಿ, ಇದಕ್ಕೆ ಆಧಾರವೂ ಇದೆ ಎನ್ನುತ್ತಿದ್ದರು. ಯೋಹಾನಾನರಿಗೆ ತಡೆಯಲಾಗಲಿಲ್ಲ. ಅವನು ಇಪ್ಪತ್ತನಾಲ್ಕು ಆಕ್ಷೇಪ ಎತ್ತುತ್ತಿದ್ದ, ನಾನು ಇಪ್ಪತ್ತನಾಲ್ಕು ಉತ್ತರ ಕೊಡುತ್ತಿದ್ದೆ, ಹಾಗೆ ವಿಷಯ ಬೆಳೆಯುತ್ತಿತ್ತು. ನನ್ನ ಮಾತು ಸರಿಯೆಂದು ನನಗೆ ಗೊತ್ತಿಲ್ಲವೇ, ನೀನೇಕೆ ಹೇಳಬೇಕು ಎಂದು ಬಟ್ಟೆ ಹರಿದುಕೊಂಡು ಅತ್ತರಂತೆ.

ತಾಲ್ಮುದ್ದಿನಲ್ಲಿರುವುದೆಲ್ಲ ನಮಗೆ ಒಪ್ಪಿತವೆಂದು ತಿಳಿಯಬೇಡಿ. ಅಲ್ಲಿ ಗುಲಾಮರಿದ್ದಾರೆ, ಹೆಂಗಸರಿಗೆ ಆ ಬೆಂಚುಗಳಲ್ಲಿ ಜಾಗವಿರಲಿಲ್ಲ. ಆದರೆ ಸೋತವನ ಮಾತನ್ನು ಅವರು ಅಳಿಸಲಿಲ್ಲ. ಬಹುಮತ ಬೇರೆಯಾದರೂ ಒಬ್ಬನೇ ಒಬ್ಬನ ಅಭಿಪ್ರಾಯವನ್ನು ಅವನ ಹೆಸರಿನೊಂದಿಗೆ ಮಿಶ್ನಾ ಬರೆದಿಡುತ್ತದೆ. ಏಕೆಂದು ಅಲ್ಲಿಯೇ ಪ್ರಶ್ನೆ ಬಂದಿದೆ: ಮುಂದೊಂದು ದಿನ ಇನ್ನೊಂದು ನ್ಯಾಯಸಭೆಗೆ ಆ ಮಾತೇ ಸರಿಕಂಡರೆ ಆಧಾರ ಬೇಕಲ್ಲ ಎಂಬುದೊಂದು ಉತ್ತರ. ಹಿಲ್ಲೆಲ್ ಮತ್ತು ಶಮ್ಮಾಯ್ ಶಿಷ್ಯರು ಮೂರು ವರ್ಷ ವಾದಿಸಿದ ಮೇಲೆ ತೀರ್ಪು ಹಿಲ್ಲೆಲರ ಕಡೆಗೆ ಬಂತು. ಅವರು ಹೆಚ್ಚು ಜಾಣರೆಂದು ಕೊಟ್ಟದ್ದಲ್ಲ. ಸೌಮ್ಯರು, ಎದುರಾಳಿಯ ಮಾತನ್ನು ಮೊದಲು ಹೇಳಿ ಆಮೇಲೆ ತಮ್ಮದನ್ನು ಹೇಳುವವರು ಎಂಬ ಕಾರಣಕ್ಕೆ.

ಇಲ್ಲಿಗೆ ಬಂದಾಗ ನಮಗೆ ಪುಸ್ತಕ ಮುಚ್ಚಿಡಬೇಕೆನಿಸಿತು. ಏಕೆಂದು ಹೇಳಿಬಿಡುತ್ತೇವೆ.

ಕಳೆದ ಮಹಾಸಭೆ ನಿಮಗೆ ನೆನಪಿರಬಹುದು. ವಾರ್ಷಿಕೋತ್ಸವದ ಪೆಂಡಾಲು, ಶಾಲು, ಹಾರ, ಅತಿಥಿಗಳ ಪ್ರಯಾಣ ಇವುಗಳ ಬಾಬ್ತು ಮಂಡಿಸಿದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು 'ಶಾಲಿಗೆ ಇಷ್ಟಾದರೆ ಔಷಧಿ ನಿಧಿಗೆ ಎಷ್ಟು?' ಎಂದು ಎದ್ದರು. ಹೊತ್ತಾಗಿತ್ತು, ಊಟ ಆರುತ್ತಿತ್ತು. ಕೂತುಕೊಳ್ಳಿ ಅಣ್ಣಾ ಎಂದು ನಾಲ್ಕು ಕಡೆಯಿಂದ ಕೂಗಿದರು. ವೇದಿಕೆಯ ಮೇಲಿದ್ದ ನಾವೂ ಕೈಸನ್ನೆ ಮಾಡಿ ಕೂರಿಸಿದೆವು. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು, ಆಮೇಲೆ ಕೂತರು. ರಾತ್ರಿ ನಡಾವಳಿ ಬರೆದದ್ದು ನಾವು. ಠರಾವು ಸರ್ವಾನುಮತದಿಂದ ಅಂಗೀಕೃತವಾಯಿತು ಎಂದು ಬರೆದೆವು.

ಹೋದ ವಾರ ಅವರ ಖೋಲಿಗೆ ಹೋಗಿದ್ದೆವು. ಇಪ್ಪತ್ತು ವರ್ಷದ ಪರಿಚಯ. ಖೋಲಿ ನೋಡಿದ್ದು ಅದೇ ಮೊದಲು. 1982ರ ಜನವರಿ 18ರಂದು ಸುಮಾರು 2.5 ಲಕ್ಷ ಗಿರಣಿ ಕಾಮಗಾರರು ಹೂಡಿದ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರಲ್ಲಿ ಅವರೂ ಒಬ್ಬರು. ಆಗಿನ್ನೂ ಬದಲಿ ಕಾಮಗಾರರಾಗಿದ್ದ ಹುಡುಗ. ಆಮೇಲೆ ಹೋಟೆಲಿನ ಭಟ್ಟಿಯ ಮುಂದೆ ನಿಂತು ಮಕ್ಕಳನ್ನು ಬೆಳೆಸಿದರು. ಅವರ ಗೋಡೆ ಕಪ್ಪಾಗಿರಲಿಲ್ಲ. ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಉಬ್ಬಸದ ಔಷಧಿಯ ಚೀಟಿಗಳು. ನಾವು ಬಂದ ಕಾರಣ ಹೇಳಿದಾಗ ಅವರು ನಕ್ಕು, ಚಹಾ ಕುಡಿಯಿರಿ ಮೊದಲು ಎಂದರು. ಅವರಿಗೆ ನಮ್ಮ ಮೇಲೆ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಔಷಧಿ ನಿಧಿಯಿಂದ ತಮಗೆ ಏನೂ ಬೇಡವೆಂದೂ, ಮೂರನೆಯ ಮಾಳಿಗೆಯ ವಿಧವೆಯೊಬ್ಬರ ಸಲುವಾಗಿ ಕೇಳಿದ್ದೆಂದೂ ಹೇಳಿದರು. ಆ ಮಾತನ್ನು ಸಭೆಯಲ್ಲಿ ಆಡಲು ಅವರಿಗೆ ಅರ್ಧ ನಿಮಿಷ ಸಾಕಿತ್ತು.

ನಡಾವಳಿ ಪುಸ್ತಕವನ್ನು ಇಂದು ತಂದಿದ್ದೇವೆ, ಇಲ್ಲಿ ಮೇಜಿನ ಮೇಲಿದೆ. ಬರೆದದ್ದನ್ನು ಹೊಡೆದುಹಾಕುವ ಅಧಿಕಾರ ನಮಗಿಲ್ಲ. ಮುಂದಿನ ಸಭೆ ಒಪ್ಪಿದರೆ ಕೆಳಗೆ ತಿದ್ದುಪಡಿ ಸೇರಿಸಬಹುದು. ಅದಕ್ಕೆ ಅವರ ಮಾತು ಅವರದೇ ಶಬ್ದಗಳಲ್ಲಿ ಬೇಕು. ಅವರು ಇಂದು ಬಂದಿದ್ದಾರೆ, ಎಂದಿನಂತೆ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಧ್ಯಕ್ಷರ ಅಪ್ಪಣೆ ಪಡೆದು ನಾವು ಇಲ್ಲಿಗೆ ಮಾತು ನಿಲ್ಲಿಸಿ, ಪೆನ್ನು ಹಿಡಿದು ಕೂರುತ್ತೇವೆ. ಅಣ್ಣಾ, ನೀವು ಕೂತಲ್ಲಿಂದಲೇ ಹೇಳಿ. ಮೈಕನ್ನು ಹುಡುಗರು ಅಲ್ಲಿಗೇ ತರುತ್ತಾರೆ.